ಮನೆ ಮಾರುವ ಬೋರ್ಡು ಮತ್ತು ಮಕ್ಕಳು

ಗಲ್ಫಿನಿಂದ ರಜೆಗೆ ಬರುವ ನಮ್ಮ ಮಕ್ಕಳ ಟ್ಯಾಬಿನಲ್ಲಿ ಈಗ ಹೆಚ್ಚಾಗಿ ಕಾಣುವುದು ಒಂದು ನೀಲಿ ನಾಯಿಮರಿ. ಹೆಸರು ಬ್ಲೂಯಿ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ತಯಾರಾಗುವ ಕಾರ್ಟೂನ್ ಅದು. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಎಬಿಸಿ ಕಿಡ್ಸ್ ಚಾನೆಲ್‌ನಲ್ಲಿ ಶುರುವಾಗಿ ಈಗ ಲೋಕದ ಮಕ್ಕಳೆಲ್ಲ ನೋಡುವಂತಾಗಿದೆ. ಒಂದೊಂದು ಕಂತು ಸುಮಾರು 7 ನಿಮಿಷ. ಆದರೆ 2024ರ ಏಪ್ರಿಲ್ 14ರಂದು, ಅಂದರೆ ಆ ವರ್ಷದ ಚೆರಿಯ ಪೆರ್ನಾಲ್ ಕಳೆದು ನಾಲ್ಕು ದಿನಕ್ಕೆ, 28 ನಿಮಿಷದ ಒಂದು ಉದ್ದದ ಕಂತು ಬಂತು. ಅದರ ಹೆಸರು 'ದ ಸೈನ್'. ಅಂಗಳದಲ್ಲಿ ನೆಟ್ಟ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡಿನ ಮೇಲೆ ಇಟ್ಟ ಹೆಸರು.

ಒಂದು ಕಾಲು ಊರಲ್ಲಿ, ಇನ್ನೊಂದು ಕಾಲು ಗಲ್ಫಿನಲ್ಲಿ ಇಟ್ಟುಕೊಂಡಿರುವ ಪ್ರತಿಯೊಂದು ಬ್ಯಾರಿ ಮನೆಯಲ್ಲೂ ಈ ಕಂತನ್ನು ಒಮ್ಮೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಹೇಗೂ ನೋಡಿಯಾಗಿದೆ. ನೋಡಬೇಕಾದವರು ದೊಡ್ಡವರು. ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ನಡೆಯುವ ಒಂದು ಜಗಳವನ್ನು ಅದು ಬಾಗಿಲು ತೆರೆದು ತೋರಿಸುತ್ತದೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಬ್ಲೂಯಿ ಮತ್ತು ಅವಳ ತಂಗಿ ಬಿಂಗೊ ಹುಟ್ಟಿ ಬೆಳೆಯುತ್ತಿರುವ ಮನೆಯನ್ನು ಅಪ್ಪ ಬ್ಯಾಂಡಿಟ್ ಮಾರಲು ಹೊರಟಿದ್ದಾನೆ. ಅವನಿಗೆ ಬೇರೆ ನಗರದಲ್ಲಿ ಹೆಚ್ಚು ಸಂಬಳದ ಕೆಲಸ ಸಿಕ್ಕಿದೆ. ಅಮ್ಮ ಚಿಲ್ಲಿಗೆ ಮನಸ್ಸಿಲ್ಲ. ಆದರೆ ಅವಳು ಬೇಡ ಎನ್ನುವುದಿಲ್ಲ. ಅಪ್ಪ ನಮಗೆಲ್ಲ ಒಳ್ಳೆಯದಾಗಲಿ ಎಂದೇ ಮಾಡುತ್ತಿದ್ದಾರೆ ಎಂದು ಮಕ್ಕಳಿಗೆ ಸಮಾಧಾನ ಹೇಳುತ್ತಾಳೆ. ಬ್ಲೂಯಿಗೆ ಶಾಲೆ, ಗೆಳತಿಯರು, ಆಡಿದ ಅಂಗಳ ಎಲ್ಲ ಬಿಡಬೇಕು. ಇದೇ ಹೊತ್ತಿಗೆ ಆ ಮನೆಯ ಹಿತ್ತಿಲಲ್ಲಿ ಒಂದು ಮದುವೆ. ಬ್ಯಾಂಡಿಟ್‌ನ ಸಹೋದರ ರಾಡ್ ವರ, ಮನೆಯವರ ಗೆಳತಿ ಫ್ರಿಸ್ಕಿ ವಧು. ಮದುವೆಯ ದಿನವೇ ವಧು ಸಿಟ್ಟು ಮಾಡಿಕೊಂಡು ಕಾರು ಹತ್ತಿ ಹೋಗಿಬಿಡುತ್ತಾಳೆ. ಮದುವೆಯ ನಂತರ ದೂರದ ಪಶ್ಚಿಮದ ಕಡೆ ಹೋಗಿ ನೆಲೆಸುವುದು ರಾಡ್‌ನ ಲೆಕ್ಕ. ಫ್ರಿಸ್ಕಿಗೆ ಊರು ಬಿಡಲು ಇಷ್ಟವಿಲ್ಲ. ಮದುವೆಗೆ ಎಲ್ಲ ತಯಾರಾಗಿದೆ, ಎಲ್ಲಿ ಬದುಕುವುದು ಎಂಬ ಒಂದು ಮಾತು ಮಾತ್ರ ತೀರ್ಮಾನವಾಗಿಲ್ಲ.

ಇಷ್ಟು ಓದಿದವರಿಗೆ ನಮ್ಮದೇ ಯಾವುದೋ ಮನೆಯ ಕಥೆ ಹೇಳಿದ ಹಾಗೆ ಅನಿಸಿದರೆ ಆಶ್ಚರ್ಯವಿಲ್ಲ.

ನಾನು ಇದನ್ನು ನೋಡಿದ್ದು ನನ್ನ ತಂಗಿಯ ಮಗಳ ಮಕ್ಕಳ ಜೊತೆ. ಜುಲೈ-ಆಗಸ್ಟ್‌ನ ಬಿಸಿಲು ರಜೆಗೆ ಶಾರ್ಜಾದಿಂದ ಬಂದವರು. ಹೊರಗೆ ಇಲ್ಲಿಯ ಮಳೆ. ಒಳಗೆ ನಮ್ಮ ದೊಡ್ಡಮ್ಮನ ಗೊಣಗಾಟ: "ನಾಯಿಯ ಮನೆ ನೋಡಿ ಮಕ್ಕಳು ಕಲಿಯುವುದು ಎಂತ ಉಂಟು ಮಾರಾಯ್ತಿ?" ಅವರಿಗೆ ಎಂಬತ್ತು ದಾಟಿದೆ, ನಾನು ವಾದ ಮಾಡಲು ಹೋಗಲಿಲ್ಲ. ಆದರೆ ಮದುವೆಯ ಹೆಣ್ಣು ಕಾರು ಹತ್ತಿ ಹೋದಾಗ ಅವರೇ ಕುರ್ಚಿ ಮುಂದೆ ಎಳೆದುಕೊಂಡು "ಯಾಕೆ ಹೋದದ್ದು ಅವಳು?" ಎಂದು ಕೇಳಿದರು. ಚಿಕ್ಕವಳು, ಏಳು ವರ್ಷದವಳು, ಹೇಳಿದಳು: "ಅವಳ ಹತ್ರ ಯಾರೂ ಕೇಳ್ಲಿಲ್ಲ."

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಅಷ್ಟೇ. ಜಗಳ ಹೋಗುವುದರ ಬಗ್ಗೆ ಅಲ್ಲ, ಕೇಳದೇ ಇದ್ದದ್ದರ ಬಗ್ಗೆ.

ಮೂವತ್ತು ವರ್ಷ ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡಿದವಳು ನಾನು. ಮಕ್ಕಳು ಮನೆಯ ಜಗಳವನ್ನು ಶಾಲೆಗೆ ತರುವ ಬಗೆ ನನಗೆ ಗೊತ್ತು. ಬಾಯಿಬಿಟ್ಟು ಹೇಳುವವರು ಕಡಿಮೆ. ಮನೆಯ ಚಿತ್ರ ಬಿಡಿಸಲು ಹೇಳಿದರೆ ಸೂಟ್‌ಕೇಸ್ ಬಿಡಿಸುತ್ತಾರೆ. ಚೆನ್ನಾಗಿ ಓದುತ್ತಿದ್ದ ಹುಡುಗಿ ಒಮ್ಮೆಲೇ ಕಿಟಕಿಯ ಹೊರಗೆ ನೋಡುತ್ತಾ ಕೂರುತ್ತಾಳೆ. ನಾವು ದೊಡ್ಡವರು ಮಾತ್ರ ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಬದುಕುತ್ತೇವೆ. ಮಕ್ಕಳ ಎದುರು ಜಗಳ ಬೇಡ ಎಂದು ಗಂಡ-ಹೆಂಡತಿ ಭಾಷೆ ಬದಲಿಸುವುದುಂಟಲ್ಲ, ಅದನ್ನು ನೆನೆದರೆ ನನಗೆ ನಗು ಬರುತ್ತದೆ. ಕಾಸರಗೋಡಿನ ಬ್ಯಾರಿ ಮಗುವಿಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ನೆರೆಮನೆಯಲ್ಲಿ ತುಳು, ಟಿವಿಯಲ್ಲಿ ಹಿಂದಿ, ಮದ್ರಸದಲ್ಲಿ ಅರಬಿ ಅಕ್ಷರ. ಇದರಲ್ಲಿ ಯಾವ ಭಾಷೆಗೆ ಓಡಿ ನೀವು ಅಡಗುತ್ತೀರಿ?

ಹಾಗಾದರೆ ಜಗಳವನ್ನು ಮಕ್ಕಳಿಗೆ ತೋರಿಸಬೇಕೇ ಎಂದು ಕೇಳಬಹುದು. ಇದು ಸುಲಭದ ಪ್ರಶ್ನೆಯಲ್ಲ. ಅಮೆರಿಕದ 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಬೊಂಬೆ ಕಾರ್ಯಕ್ರಮದವರು 1992ರಲ್ಲಿ ಒಂದು ಕಂತು ತಯಾರಿಸಿದ್ದರು. ಅದರಲ್ಲಿ ಸ್ನಫಿ ಎಂಬ ದೊಡ್ಡ ಪ್ರಾಣಿಯ ತಂದೆತಾಯಿ ಬೇರೆಯಾಗುತ್ತಾರೆ. ಪ್ರಸಾರಕ್ಕೆ ಮೊದಲು ಕೆಲವು ಪುಟ್ಟ ಮಕ್ಕಳಿಗೆ ತೋರಿಸಿ ನೋಡಿದರು. ಮಕ್ಕಳು ಗಾಬರಿಯಾದರು, ಕೆಲವರು ಅತ್ತರು. ಅಪ್ಪ ಅಮ್ಮ ಜಗಳವಾಡಿದರೆ ಬೇರೆಯಾಗಿಯೇ ಬಿಡುತ್ತಾರೆ ಎಂದು ಅರ್ಥ ಮಾಡಿಕೊಂಡರು. ಸ್ನಫಿಯ ಅಪ್ಪ ಎಲ್ಲಿಗೆ ಹೋಗುತ್ತಾನೆ, ಮತ್ತೆ ಸಿಗುತ್ತಾನೋ ಇಲ್ಲವೋ ಎಂಬುದೇ ಅವರಿಗೆ ತಿಳಿಯಲಿಲ್ಲ. ತಯಾರಾಗಿದ್ದ ಕಂತನ್ನು ಅವರು ಕೈಬಿಟ್ಟರು, ಅದು ಪ್ರಸಾರವಾಗಲೇ ಇಲ್ಲ. ಮಕ್ಕಳ ಕಾರ್ಯಕ್ರಮ ಮಾಡುವುದರಲ್ಲಿ ಅಷ್ಟು ಅನುಭವವಿದ್ದವರೇ ಎಡವಿದ ಜಾಗ ಇದು.

ಇನ್ನೊಂದು ತುದಿಯಲ್ಲಿ ನಮ್ಮ ಮಕ್ಕಳು ಹಿಂದಿಯಲ್ಲಿ ನೋಡುವ ಜಪಾನಿನ ಶಿಂಚಾನ್ ಇದ್ದಾನೆ. ಅಲ್ಲಿ ಅಪ್ಪ ಅಮ್ಮನ ಜಗಳ ಎಂದರೆ ಬರೀ ತಮಾಷೆ. ತಲೆ ಮೇಲೆ ಬುಗ್ಗೆ ಏಳುತ್ತದೆ, ಎಲ್ಲರೂ ನಗುತ್ತಾರೆ, ಮುಗಿಯಿತು. ಆ ಹುಡುಗನ ಬಾಯಿಗೆ ಹೆದರಿ ಒಮ್ಮೆ ನಮ್ಮ ದೇಶದಲ್ಲಿ ಅದರ ಪ್ರಸಾರ ನಿಂತು, ಕತ್ತರಿ ಹಾಕಿ ಮತ್ತೆ ಬಂದದ್ದೂ ಉಂಟು. ನನಗೆ ಶಿಂಚಾನ್ ಮೇಲೆ ದ್ವೇಷವಿಲ್ಲ, ನಾನೂ ನಕ್ಕಿದ್ದೇನೆ. ಆದರೆ ಅಲ್ಲಿ ಯಾರೂ ಯಾವುದನ್ನೂ ಮಾತಾಡಿ ಬಗೆಹರಿಸುವುದು ಕಾಣಲು ಸಿಗುವುದು ಅಪರೂಪ.

'ದ ಸೈನ್' ಈ ಎರಡರ ನಡುವೆ ಒಂದು ದಾರಿ ಹಿಡಿದಿದೆ. ಅಲ್ಲಿ ಯಾರೂ ಕಿರುಚುವುದಿಲ್ಲ, ಪಾತ್ರೆ ಎಸೆಯುವುದಿಲ್ಲ. ಯಾರೂ ಕೆಟ್ಟವರಲ್ಲ. ಬ್ಯಾಂಡಿಟ್ ಮಕ್ಕಳಿಗಾಗಿ ಪ್ರಾಣ ಬಿಡುವ ಅಪ್ಪ. ಇಡೀ ಸರಣಿಯಲ್ಲಿ ಅವನಷ್ಟು ಮಕ್ಕಳ ಜೊತೆ ಆಡುವ ಅಪ್ಪನನ್ನು ನಾನು ಬೇರೆ ಕಾರ್ಟೂನಿನಲ್ಲಿ ನೋಡಿಲ್ಲ. ಹಾಗಿದ್ದೂ ಅವನ ನಿರ್ಧಾರದಿಂದ ಮನೆಯಲ್ಲಿ ಮೂರು ಜನ ಒಳಗೊಳಗೇ ಅಳುತ್ತಿದ್ದಾರೆ. ಒಳ್ಳೆಯವನೊಬ್ಬ ಒಳ್ಳೆಯದಕ್ಕೆಂದೇ ಮಾಡಿದ ಕೆಲಸ ಮನೆಯವರಿಗೆ ನೋವಾಗಬಹುದು ಎಂಬ ಮಾತನ್ನು ಆರು-ಏಳು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ ಹೇಳಿದ್ದಾರಲ್ಲ, ಅದು ದೊಡ್ಡ ವಿಷಯ. ಬ್ಲೂಯಿಗೆ ಅಮ್ಮ ಸುಳ್ಳು ಹೇಳುವುದಿಲ್ಲ. ಯಾಕೆ ಹೋಗುತ್ತಿದ್ದೇವೆ, ಯಾವಾಗ ಹೋಗುತ್ತೇವೆ, ಮದುವೆಯ ಹೆಣ್ಣಿಗೆ ಯಾಕೆ ಬೇಸರ, ಎಲ್ಲಕ್ಕೂ ಉತ್ತರ ಸಿಗುತ್ತದೆ. ಸ್ನಫಿಯ ಕಂತನ್ನು ನೋಡಿದ ಮಕ್ಕಳಿಗೆ ಸಿಗದೇ ಹೋದದ್ದು ಇದೇ ಇರಬೇಕು ಎಂದು ನನಗನಿಸುತ್ತದೆ.

ಈಗ ನಮ್ಮ ಮನೆಗೆ ಬರುತ್ತೇನೆ.

2017ರ ಜುಲೈಯಲ್ಲಿ ಸೌದಿ ಸರಕಾರ ಅಲ್ಲಿ ಕೆಲಸ ಮಾಡುವ ಪರದೇಶದವರ ಹೆಂಡತಿ ಮಕ್ಕಳ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ 100ರಂತೆ ಏರಿ 2020ರಲ್ಲಿ ಅದು 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳಿದ್ದವನಿಗೆ ತಿಂಗಳಿಗೆ 1,600 ರಿಯಾಲ್. ಇಕಾಮ ನವೀಕರಿಸುವಾಗ ಮುಂಗಡವಾಗಿ ಕಟ್ಟಬೇಕು. ಸಣ್ಣ ಸಂಬಳದವನಿಗೆ ಇದು ಆಗುವ ಮಾತಲ್ಲ. ದಮಾಮ್, ಜುಬೈಲ್, ಜಿದ್ದಾಗಳಿಂದ ಎಷ್ಟೋ ಸಂಸಾರಗಳು ಊರಿಗೆ ಬಂದವು, ಗಂಡಸರು ಮಾತ್ರ ಉಳಿದರು. ಯಾರದ್ದೂ ತಪ್ಪಲ್ಲ. ಬ್ಯಾಂಡಿಟ್‌ಗೆ ಹೆಚ್ಚು ಹಣದ ಆಸೆಯಾದರೂ ಇತ್ತು, ಇವರಿಗೆ ಇದ್ದದ್ದನ್ನು ಉಳಿಸಿಕೊಳ್ಳುವ ಒದ್ದಾಟ.

ಆಗ ನನ್ನ ತರಗತಿಗೆ ಜುಬೈಲಿನಿಂದ ಬಂದ ಹುಡುಗನೊಬ್ಬ ಸೇರಿದ. ಎಂಟನೇ ತರಗತಿ. ಅಲ್ಲಿ ಸಿಬಿಎಸ್‌ಇ ಇಂಗ್ಲಿಷ್ ಮಾಧ್ಯಮ, ಇಲ್ಲಿ ಕನ್ನಡ. ಮಾತು ಬರುತ್ತಿತ್ತು, ಒತ್ತಕ್ಷರ ಬರೆಯಲು ಬರುತ್ತಿರಲಿಲ್ಲ. ಬುದ್ಧಿವಂತ. ಸಂಜೆ ಕೂರಿಸಿ ಕಲಿಸಿದರೆ ಎರಡು ತಿಂಗಳಲ್ಲಿ ಓದುತ್ತಾನೆ ಎಂದು ನನಗೆ ಗೊತ್ತಿತ್ತು. ಆದರೆ ಅವನು ಪೆನ್ಸಿಲ್ ಮುಟ್ಟಲು ತಯಾರಿರಲಿಲ್ಲ. ಒಂದು ದಿನ ಅವನ ಜಿಯೊಮೆಟ್ರಿ ಬಾಕ್ಸಿನಲ್ಲಿ ಒಂದು ಸಣ್ಣ ಬೀಗದ ಕೈ ಕಂಡಿತು. ಏನೆಂದು ಕೇಳಿದೆ. ಜುಬೈಲಿನ ಫ್ಲ್ಯಾಟಿನ ಮೆಟ್ಟಿಲ ಕೆಳಗೆ ಅವನ ಸೈಕಲ್ ಉಂಟಂತೆ. ರಜೆ ಮುಗಿಸಿ ಬರುವವರೆಗೆ ಯಾರೂ ತೆಗೆಯಬಾರದು ಎಂದು ಬೀಗ ಹಾಕಿ ಬಂದಿದ್ದ. ಇದು ರಜೆಯಲ್ಲ, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಊರಿಗೆ ಬಂದು ಮೂರು ವಾರದ ಮೇಲೆ, ಶಾಲೆಗೆ ಸೇರಿಸಲು ಉಮ್ಮ ಸಮವಸ್ತ್ರದ ಬಟ್ಟೆ ತಂದಾಗ.

ಆ ಉಮ್ಮನನ್ನು ಕರೆಸಿ ಮಾತಾಡಿದೆ. "ಹೇಳಿದ್ರೆ ಅಳ್ತಾನೆ ಟೀಚರ್, ವಿಮಾನ ಹತ್ಲಿಕ್ಕಿಲ್ಲ ಅಂತ ಅವರು ಹೇಳಿದ್ರು" ಎಂದರು. 'ಅವರು' ಎಂದರೆ ಗಂಡ. "ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಿಕೆಟ್ ಮಾಡಿದ ಮೇಲೆ" ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು.

ಆ ಗಂಡಸಿನ ಮೇಲೂ ನನಗೆ ಸಿಟ್ಟು ಬರಲಿಲ್ಲ. ಅವನು ಆ ತಿಂಗಳು ಎಷ್ಟು ರಾತ್ರಿ ನಿದ್ದೆಗೆಟ್ಟಿರಬಹುದು ಎಂದು ಯೋಚಿಸಿದೆ. ಹೆಂಡತಿಯ ಎದುರು "ನನ್ನಿಂದ ಆಗ್ತಾ ಇಲ್ಲ" ಎಂದು ಹೇಳಲು ನಮ್ಮ ಗಂಡಸರಿಗೆ ನಾವು ಯಾರೂ ಕಲಿಸಿಲ್ಲ. ಇಪ್ಪತ್ತನೇ ವಯಸ್ಸಿಗೆ ಅವನನ್ನು ವಿಮಾನ ಹತ್ತಿಸುವಾಗಲೂ ಯಾರೂ ಕೇಳಿರುವುದಿಲ್ಲ. ತಂಗಿಯ ಮದುವೆ ಮುಗಿಯಲಿ, ಮನೆಯ ತಾರಸಿ ಆಗಲಿ, ತಮ್ಮನ ಫೀಸು ಕಟ್ಟಿ ಮುಗಿಯಲಿ, ಇನ್ನೊಂದು ವರ್ಷ, ಇನ್ನೊಂದೇ ವರ್ಷ ಎಂದು ಹೇಳುವವರು ನಾವೇ ಹೆಂಗಸರು ಕೂಡ. ತನ್ನನ್ನು ಯಾರೂ ಕೇಳದೆ ಬೆಳೆದವನು ಇನ್ನೊಬ್ಬರನ್ನು ಕೇಳುವುದನ್ನು ಎಲ್ಲಿ ಕಲಿಯಬೇಕು?

ಫ್ರಿಸ್ಕಿ ಮತ್ತು ರಾಡ್‌ನ ಜಗಳವನ್ನು ನಾನು ಈ ಕಾರಣಕ್ಕೇ ಆ ಕಂತಿನ ನಡುಭಾಗ ಎನ್ನುತ್ತೇನೆ. ನೋಡುವವರು ಹೆಚ್ಚಾಗಿ ಬ್ಲೂಯಿಯ ಮನೆಯ ಬಗ್ಗೆಯೇ ಮಾತಾಡುತ್ತಾರೆ. ಆದರೆ ಬ್ಲೂಯಿಯ ಅಮ್ಮ ಬಾಯಿಬಿಡದ್ದನ್ನು ಫ್ರಿಸ್ಕಿ ಬಾಯಿಬಿಟ್ಟಿದ್ದಾಳೆ. ಒಂದೇ ಮನೆಯೊಳಗೆ ಎರಡು ಹೆಂಗಸರು, ಇಬ್ಬರಿಗೂ ಒಂದೇ ಸಮಸ್ಯೆ. ಒಬ್ಬಳು ನುಂಗಿಕೊಂಡಳು, ಒಬ್ಬಳು ಕಾರು ಹತ್ತಿದಳು. ಅವಳನ್ನು ಹುಡುಕಿಕೊಂಡು ಹೋಗುವವಳು ನುಂಗಿಕೊಂಡವಳೇ, ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು! ಕೊನೆಗೆ ನಗರ ಕಾಣುವ ಗುಡ್ಡದ ಮೇಲೆ ರಾಡ್ ಬಂದು ಮಾತಾಡಿ ರಾಜಿಯಾಗುತ್ತಾರೆ. ಸಿಟ್ಟಾಗಿ ಹೋದ ಹೆಣ್ಣನ್ನು ಯಾರೂ ಬೈಯುವುದಿಲ್ಲ, ಮರ್ಯಾದೆ ಹೋಯಿತು ಎನ್ನುವುದಿಲ್ಲ. ಹುಡುಕುತ್ತಾರೆ, ಕಾಯುತ್ತಾರೆ. ನಮ್ಮಲ್ಲಿ ಹೀಗೊಂದು ಆದರೆ ಚಪ್ಪರದ ಕೆಳಗೆ ಏನೇನು ಮಾತು ಹುಟ್ಟುತ್ತದೆ ಎಂದು ಬರೆಯುವುದು ಬೇಡ.

ನಮ್ಮ ಮದುವೆ ಮಾತುಕತೆಯನ್ನು ಒಮ್ಮೆ ನೆನೆಸಿಕೊಳ್ಳಿ. ಮಹರ್ ಎಷ್ಟು, ಹಾಲ್ ಯಾವುದು, ಎಷ್ಟು ಜನ, ಬಿರಿಯಾನಿ ಮಟನ್ನೋ ಚಿಕನ್ನೋ, ಪುದಿಯಾಪ್ಲೆಯ ಕಡೆಯಿಂದ ಎಷ್ಟು ವಾಹನ, ಮೈಲಾಂಜಿ ಯಾವತ್ತು, ಎಲ್ಲಕ್ಕೂ ಗಂಟೆಗಟ್ಟಲೆ ಚರ್ಚೆ. ಹುಡುಗಿ ಮದುವೆಯ ನಂತರ ಎಲ್ಲಿರುತ್ತಾಳೆ ಎಂಬ ಪ್ರಶ್ನೆಗೆ "ಅವನು ವೀಸಾ ಮಾಡ್ತಾನೆ, ನೋಡುವ" ಎಂಬ ಒಂದೇ ಸಾಲು. ಯುಎಇಯಲ್ಲಿ ಸಂಸಾರ ಕರೆಸಿಕೊಳ್ಳಬೇಕಾದರೆ ಗಂಡನಿಗೆ ತಿಂಗಳಿಗೆ 4,000 ದಿರ್ಹಮ್ ಸಂಬಳವಿರಬೇಕು, ಇಲ್ಲವಾದರೆ 3,000 ಮತ್ತು ವಾಸಕ್ಕೆ ವ್ಯವಸ್ಥೆ. ಹುಡುಗನ ಸಂಬಳ ಅಷ್ಟಿದೆಯೇ ಎಂದು ಕೇಳಲು ನಾಚಿಕೆ. ಕೇಳಿದರೆ ಹುಡುಗಿಯ ಕಡೆಯವರು ದುರಾಸೆಯವರು. ಕೇಳದಿದ್ದರೆ ಹುಡುಗಿ ಅತ್ತೆಮನೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಗಂಡನಿಗಾಗಿ ಕಾಯುತ್ತಾ ಕೂತಿರುತ್ತಾಳೆ. ಅಜ್ಜಿಯರ ಕಾಲದಲ್ಲಿ ಈ ಕಡೆಯ ಅನೇಕ ಮನೆಗಳಲ್ಲಿ ಪುದಿಯಾಪ್ಲೆಯೇ ಹೆಂಡತಿಯ ಮನೆಗೆ ಬಂದು ಹೋಗುವ ಪದ್ಧತಿ ಇತ್ತು. ಅದರಲ್ಲಿ ಎಲ್ಲ ಒಳ್ಳೆಯದಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಹೆಣ್ಣು ಎಲ್ಲಿರುತ್ತಾಳೆ ಎಂಬುದರ ಬಗ್ಗೆ ಗೊಂದಲವಂತೂ ಇರಲಿಲ್ಲ.

ಕೇಳದೇ ನಿರ್ಧರಿಸಿದರೆ ಏನಾಗುತ್ತದೆ ಎಂದು ನಮಗೆ ಆಸ್ಟ್ರೇಲಿಯಾದವರು ಹೇಳಿಕೊಡಬೇಕಾಗಿಯೂ ಇಲ್ಲ. ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕರ್ ಅವರು 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ 'ಚಂದ್ರಗಿರಿಯ ತೀರದಲ್ಲಿ' ಬರೆದಾಗ ಹೇಳಿದ್ದು ಇದನ್ನೇ. ಅಲ್ಲಿ ಜಗಳ ನಾದಿರಾಳದ್ದಲ್ಲ, ಅವಳ ತಂದೆಯದ್ದು ಮತ್ತು ಗಂಡನದ್ದು. ಇಬ್ಬರ ಹಟದಲ್ಲಿ ಮುರಿದದ್ದು ಅವಳ ಬದುಕು. ಅವಳಿಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ಆ ಕಾದಂಬರಿ ಬಂದಾಗ ನಮ್ಮವರು ಅನೇಕರು ಲೇಖಕಿಯ ಮೇಲೆ ಸಿಟ್ಟಾದರು. ನಾನು ಅದನ್ನು ಓದಿದ್ದು ಟೀಚರ್ ತರಬೇತಿಯ ದಿನಗಳಲ್ಲಿ, ಹಾಸ್ಟೆಲಿನಲ್ಲಿ, ರಟ್ಟು ಕಿತ್ತುಹೋದ ಪ್ರತಿ.

ಧರ್ಮದ ಮಾತೆತ್ತುವವರಿಗೂ ಒಂದು ನೆನಪು. ಅಲ್-ಬಕರ ಅಧ್ಯಾಯದ 233ನೇ ವಚನ ಮಗುವಿಗೆ ಹಾಲು ಬಿಡಿಸುವ ವಿಷಯ ಹೇಳುತ್ತದೆ. ಎರಡು ವರ್ಷಕ್ಕೆ ಮೊದಲು ಬಿಡಿಸುವುದಾದರೆ ತಂದೆತಾಯಿ ಇಬ್ಬರೂ ಒಪ್ಪಿ, ಪರಸ್ಪರ ಸಮಾಲೋಚಿಸಿ ಮಾಡಬೇಕು. ಹಾಲು ಬಿಡಿಸುವುದಕ್ಕೇ ಸಮಾಲೋಚನೆ ಬೇಕಾದರೆ ಊರು ಬಿಡಿಸುವುದಕ್ಕೆ ಬೇಡವೇ? ನಾನು ಉಸ್ತಾದ್ ಅಲ್ಲ, ಇದರಿಂದ ಮುಂದೆ ವಿವರಿಸುವುದು ನನ್ನ ಕೆಲಸವಲ್ಲ.

ಕಂತಿನ ಕೊನೆಯ ಬಗ್ಗೆ ನನಗೆ ಒಂದು ತಕರಾರು ಉಂಟು. ಕೊನೆಯಲ್ಲಿ ಮನೆ ಖಾಲಿಯಾಗಿದೆ, ಸಾಮಾನು ಹೋಗಿದೆ, ಎಲ್ಲರೂ ಕಾರು ಹತ್ತಿಯಾಗಿದೆ. ಅಷ್ಟರಲ್ಲಿ ಮನೆ ಕೊಂಡಿದ್ದ ದಂಪತಿಗೆ ಗುಡ್ಡದ ಮೇಲಿನ ದುರ್ಬೀನಿನಲ್ಲಿ ಈಜುಕೊಳವಿರುವ ಬೇರೊಂದು ಮನೆ ಕಾಣುತ್ತದೆ. ಅವರ ಮನಸ್ಸು ಬದಲಾಗುತ್ತದೆ. ಬ್ಯಾಂಡಿಟ್‌ಗೆ ಫೋನ್ ಬರುತ್ತದೆ. ಅವನು ಹೋಗಿ ಅಂಗಳದ ಬೋರ್ಡನ್ನು ಕಿತ್ತುಹಾಕುತ್ತಾನೆ. ಚಿಲ್ಲಿ ಓಡಿ ಬಂದು ಅವನನ್ನು ಕೆಡವಿ ಅಪ್ಪಿಕೊಳ್ಳುತ್ತಾಳೆ. ನೋಡುವಾಗ ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಬೇಕು. ಆದರೆ ರಾತ್ರಿ ಮಲಗಿದ ಮೇಲೆ ಯೋಚನೆ ಬಂತು. ಈ ಸಲವೂ ಅವನು ಯಾರನ್ನೂ ಕೇಳಲಿಲ್ಲ! ಕೊಳ್ಳುವವರು ಬಿಟ್ಟರೆ ಇನ್ನೊಬ್ಬರಿಗೆ ಮಾರಬಹುದಿತ್ತು. ಉಳಿಯುವುದು ಎಂದು ಅವನೇ ತೀರ್ಮಾನಿಸಿದ, ಬೋರ್ಡು ಕಿತ್ತ. ಮನೆಯವರ ಇಷ್ಟವೂ ಅದೇ ಆಗಿದ್ದರಿಂದ ಸರಿಹೋಯಿತು. ಪುಣ್ಯಕ್ಕೆ ಒಳ್ಳೆಯದಾದದ್ದು ಬೇರೆ, ಕೇಳಿ ಒಳ್ಳೆಯದಾದದ್ದು ಬೇರೆ.

ನಮ್ಮಲ್ಲಿ ದುರ್ಬೀನಿನ ಪವಾಡ ನಡೆಯುವುದಿಲ್ಲ. ಅಡ್ವಾನ್ಸ್ ತೆಗೆದುಕೊಂಡ ಜಾಗ ವಾಪಸ್ ಬರುವುದಿಲ್ಲ, ರದ್ದಾದ ಇಕಾಮ ಮರಳಿ ಸಿಗುವುದಿಲ್ಲ. ಹೋಗಲೇಬೇಕಾದ ಮಕ್ಕಳು ಹೋಗುತ್ತಾರೆ, ಬರಲೇಬೇಕಾದವರು ಬರುತ್ತಾರೆ. ಈ ಕಾರ್ಟೂನ್ ನೋಡಿದ ಮಗು, ತಾನು ಅತ್ತರೆ ಕೊನೆಯ ಗಳಿಗೆಯಲ್ಲಿ ಎಲ್ಲ ನಿಂತುಬಿಡುತ್ತದೆ ಎಂದು ನಂಬಿಕೊಂಡರೆ ಏನು ಮಾಡುವುದು? ಆದ್ದರಿಂದಲೇ ಮಕ್ಕಳನ್ನು ಟ್ಯಾಬಿನ ಜೊತೆ ಬಿಟ್ಟು ನಾವು ಅಡುಗೆಮನೆಗೆ ಹೋಗಬಾರದು ಎನ್ನುವುದು. ಅದೇ ಕಂತಿನಲ್ಲಿ ಬ್ಲೂಯಿಯ ಟೀಚರ್ ಒಂದು ಚೀನೀ ಕಥೆ ಹೇಳುತ್ತಾಳೆ. ರೈತನ ಕುದುರೆ ಓಡಿಹೋಗುತ್ತದೆ, ನೆರೆಯವರು ಅಯ್ಯೋ ಎನ್ನುತ್ತಾರೆ, ರೈತ ನೋಡೋಣ ಎನ್ನುತ್ತಾನೆ. ಓಡಿದ ಕುದುರೆ ಇನ್ನಷ್ಟು ಕುದುರೆಗಳನ್ನು ಕರೆತರುತ್ತದೆ, ಆಗಲೂ ನೋಡೋಣ ಎನ್ನುತ್ತಾನೆ. ಒಳ್ಳೆಯದು ಕೆಟ್ಟದ್ದು ಕೂಡಲೇ ತಿಳಿಯುವುದಿಲ್ಲ ಎಂದು ಅದರ ಅರ್ಥ. ಬ್ಲೂಯಿ ಅದನ್ನು ಎಲ್ಲವೂ ಸರಿಹೋಗುತ್ತದೆ ಎಂದೇ ಹಿಡಿದುಕೊಂಡು ಮನೆ ಉಳಿಯುತ್ತದೆ ಎಂದು ಕಾಯುತ್ತಾಳೆ. ಟೀಚರ್ ಹೇಳಿದ್ದು ಒಂದು, ಮಗು ಕೇಳಿಸಿಕೊಂಡದ್ದು ಇನ್ನೊಂದು. ಇದು ಮೂವತ್ತು ವರ್ಷ ನನಗೂ ಆಗಿದೆ!

"ಮಕ್ಕಳನ್ನು ಕೇಳಿ ಸಂಸಾರ ನಡೆಸ್ಲಿಕ್ಕೆ ಆಗ್ತದಾ?" ಎಂದು ನನ್ನ ತಮ್ಮನೇ ಕೇಳಿದ್ದಾನೆ. ಆಗುವುದಿಲ್ಲ. ನಾನು ಹೇಳುವುದೂ ಅದಲ್ಲ. ಏಳು ವರ್ಷದ ಮಗು ಬೇಡ ಎಂದರೆ ವೀಸಾ ರದ್ದು ಮಾಡಿ ಎಂದು ಯಾರೂ ಹೇಳುವುದಿಲ್ಲ. ಕೇಳುವುದು ಎಂದರೆ ಅವರ ಕೈಗೆ ತೀರ್ಮಾನ ಕೊಡುವುದಲ್ಲ, ತೀರ್ಮಾನಕ್ಕೆ ಮೊದಲು ಅವರಿಗೆ ಮಾತಾಡಲು ಜಾಗ ಕೊಡುವುದು. ಹೆಂಡತಿಯ ವಿಷಯ ಬೇರೆ. ಅವಳದ್ದು ಸಮಪಾಲು. ಅವಳಿಗೆ ಟಿಕೆಟ್ ಮಾಡಿದ ಮೇಲೆ ಹೇಳುವುದು ಕೇಳುವುದಲ್ಲ, ತಿಳಿಸುವುದು. ಕಂಪೆನಿ ನೌಕರನಿಗೆ ನೋಟಿಸ್ ಕೊಟ್ಟ ಹಾಗೆ.

ಜುಬೈಲಿನ ಹುಡುಗನಿಗೆ ಹೊರಡುವ ವಾರ ಕೂರಿಸಿ, ಬ್ಯಾರಿಯಲ್ಲೇ, ಉಪ್ಪನ ಕೈಯಲ್ಲಿ ಇಷ್ಟು ದುಡ್ಡು ಬರುತ್ತದೆ, ಇಷ್ಟು ಹೋಗುತ್ತದೆ, ಇನ್ನು ನೀವು ಊರಲ್ಲಿರಬೇಕು ಎಂದಿದ್ದರೆ ಅವನು ಅಳುತ್ತಿದ್ದ, ಖಂಡಿತ. ಸಿಟ್ಟು ಮಾಡುತ್ತಿದ್ದ. ಆಮೇಲೆ ಸೈಕಲನ್ನು ಕೆಳಗಿನ ಮನೆಯ ಗೆಳೆಯನಿಗೆ ಕೊಟ್ಟು ಬರುತ್ತಿದ್ದ. ಎಂಟನೇ ತರಗತಿಯ ಹುಡುಗನಿಗೆ ಒಂದು ಗಣಿತದ ಲೆಕ್ಕ ಅರ್ಥವಾಗುವುದಾದರೆ ಮನೆಯ ಲೆಕ್ಕವೂ ಅರ್ಥವಾಗುತ್ತದೆ. ಅವನು ಎಸ್‌ಎಸ್‌ಎಲ್‌ಸಿ ಪಾಸಾದ, ಈಗ ಕೆಲಸದಲ್ಲಿದ್ದಾನೆ. ಗಲ್ಫಿಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾನಂತೆ. ಉಪ್ಪ-ಮಗ ಫೋನಿನಲ್ಲಿ ಹೆಚ್ಚು ಮಾತಾಡುವುದಿಲ್ಲ ಎಂದು ಅವನ ಉಮ್ಮ ಉಪ್ಪಳ ಪೇಟೆಯಲ್ಲಿ ಸಿಕ್ಕಾಗ ಹೇಳಿದರು.

ಮಕ್ಕಳ ಜೊತೆ ನೋಡುವವರಿಗೆ ಒಂದು ಅನುಭವದ ಮಾತು. ಕಂತು ಇಂಗ್ಲಿಷಿನಲ್ಲಿದೆ, ಆಸ್ಟ್ರೇಲಿಯಾದವರ ಇಂಗ್ಲಿಷ್ ನಮ್ಮ ಕಿವಿಗೆ ಬೇಗ ಹತ್ತುವುದಿಲ್ಲ. ಅಜ್ಜ-ಅಜ್ಜಿ ಇದ್ದರೆ ಮಕ್ಕಳೇ ಬ್ಯಾರಿಯಲ್ಲಿ ಹೇಳಿಕೊಡಲಿ. ನಮ್ಮಲ್ಲಿ ಹಾಗೆಯೇ ಆಯಿತು. ಬೋರ್ಡು ನೆಟ್ಟ ದೃಶ್ಯಕ್ಕೆ ಚಿಕ್ಕವಳು ದೊಡ್ಡಮ್ಮನಿಗೆ ವಿವರಿಸುತ್ತಾ, "ಇವರದ್ದೂ ಮನೆ ಮಾರ್ತಾರೆ" ಎಂದಳು. ಆ 'ಇವರದ್ದೂ' ಎಂಬ ಮಾತಿಗೆ ಕೋಣೆಯಲ್ಲಿದ್ದ ದೊಡ್ಡವರೆಲ್ಲ ಒಮ್ಮೆ ಮುಖ ಮುಖ ನೋಡಿಕೊಂಡೆವು. ನಮ್ಮ ತಾಯಿಯ ಮನೆ, ಬಾವಿ, ಇಪ್ಪತ್ತೆರಡು ತೆಂಗು ಇರುವ ಜಾಗ ಮಾರುವ ಮಾತು ಒಂದು ವರ್ಷದಿಂದ ನಡೆಯುತ್ತಿದೆ. ಮಕ್ಕಳ ಹತ್ತಿರ ಯಾರೂ ಹೇಳಿರಲಿಲ್ಲ.

ಪಾಲಿನ ಮಾತುಕತೆ ಬರುವ ತಿಂಗಳು, ದುಬೈಯಲ್ಲಿರುವ ಇಬ್ಬರೂ ಊರಿಗೆ ಬಂದ ಮೇಲೆ. ಹೆಣ್ಣುಮಕ್ಕಳ ಪಾಲು ಎಷ್ಟು ಎಂಬುದು ಲೆಕ್ಕವಾಗಿದೆ, ಅದರಲ್ಲಿ ತಕರಾರಿಲ್ಲ. ಮಾರುವುದೋ ಬೇಡವೋ ಎಂದು ಮಾತ್ರ ನಮ್ಮ ಹತ್ತಿರ ಯಾರೂ ಕೇಳಿಲ್ಲ. ನಾನು ಮಾಮನಿಗೆ ಫೋನ್ ಮಾಡಿ ಎರಡು ವಿಷಯ ಹೇಳಿದ್ದೇನೆ. ಒಂದು, ಅಂದು ಹೆಂಗಸರು ಒಳಗೆ ಪುಂಡಿ ಬೇಯಿಸುತ್ತಾ ಇರುವುದಿಲ್ಲ, ಜಗಲಿಯಲ್ಲೇ ಕೂರುತ್ತೇವೆ, ಊಟ ಹೊರಗಿನಿಂದ ತರಿಸಿ. ಎರಡು, ಹತ್ತು ವರ್ಷ ದಾಟಿದ ಮಕ್ಕಳೂ ಇರಲಿ, ಅವರಿಗೆ ಹೇಳುವುದಿದ್ದರೆ ಹೇಳಲಿ. ಮೊದಲನೆಯದಕ್ಕೆ ಮಾಮ ನಕ್ಕು ಆಯ್ತು ಎಂದರು. ಎರಡನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.